ಒಣಗಿದ ಗಿಡಕ್ಕಿಂತ ಲೇಬಲ್ಲಿಗೇ ಬೆಲೆ ಜಾಸ್ತಿ

ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳನ್ನು ಶೀಟಿಗೆ ಅಂಟಿಸಿ ಲೇಬಲ್ ಹಾಕಿ ಕಾಪಾಡುವ ಸಂಗ್ರಹ, ನೋಡಿಕೊಳ್ಳುವ ಕೆಲಸ ನನ್ನದು. ಎಂಎಸ್ಸಿ ಮಕ್ಕಳ ಪ್ರಾಕ್ಟಿಕಲ್ಲೂ ನನ್ನ ತಲೆಗೇ. ಫೋನಲ್ಲಿ ಫೋಟೋ ತೆಗೆದರೆ ಸಾಲದಾ ಸರ್ ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ, ಗಿಡ ಆರಿಸಲು ಪುಣೆ ಹತ್ತಿರದ ಸಿಂಹಗಡದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ.

ಮಳೆಗಾಲದಲ್ಲೇ ಹೋಗಬೇಕು, ಹೂವು ಸಿಗೋದೇ ಆಗ. ಆದರೆ ಒಣಗಿಸುವುದು ಕಷ್ಟವಾಗುವುದೂ ಆಗಲೇ. ಹೂವೋ ಕಾಯೋ ಇರುವ ಕೊಂಬೆ ಬೇಕು, ಸಣ್ಣ ಗಿಡವಾದರೆ ಬೇರು ಸಮೇತ, ಹಳೇ ಪೇಪರಿನ ನಡುವೆ ಗಿಡವನ್ನು ಒತ್ತಿಡುವ ಪ್ರೆಸ್ಸಿನಲ್ಲಿ ಇಡುವಾಗ ಒಂದೆರಡು ಎಲೆ ಬೆನ್ನು ಮೇಲಾಗಿರಬೇಕು. ಆ ಪೇಪರನ್ನು ದಿನಾ ಬದಲಾಯಿಸದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ನಾನಂತೂ ಮರದ ಪೆಟ್ಟಿಗೆಯೊಳಗೆ ಬಲ್ಬ್ ಉರಿಸಿ ಒಣಗಿಸುತ್ತೇನೆ.

ನೋಟ್‌ಬುಕ್ ವಿಷಯದಲ್ಲಿ ಮಾತ್ರ ನಾನು ಜೋರು. ಒಣಗಿದ ಮೇಲೆ ಕಾಣದೇ ಹೋಗುವುದನ್ನೆಲ್ಲ ಅಲ್ಲೇ ನಿಂತು ಬರೆಯಬೇಕು: ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದಾ, ಮರ ಎಷ್ಟೆತ್ತರ, ಜಾಗ, ತಾರೀಖು. ಕಾರ್ವಿಯನ್ನೇ ನೋಡಿ. ಎಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆ ಮಾಡುವ ಗಿಡ, ಮುಂಬೈಯ ಸಂಜಯ್ ಗಾಂಧಿ ಉದ್ಯಾನದಲ್ಲಿ 2016ರಲ್ಲಿ ಅರಳಿತ್ತು, ಮತ್ತೆ 2024ರಲ್ಲಿ. ಶೀಟಿನ ಮೇಲೆ ಆ ಬಣ್ಣ ಉಳಿಯಲ್ಲ. ಯಾವ ಗುಡ್ಡದಲ್ಲಿ ಯಾವ ವರ್ಷ ಅರಳಿತು ಅಂತ ಹೇಳುವುದು ಲೇಬಲ್ ಒಂದೇ.

ಹಿಂದೆ ಹುಳ ಬೀಳದಿರಲಿ ಅಂತ ಮರ್ಕ್ಯುರಿಕ್ ಕ್ಲೋರೈಡ್ ಬಳಿಯುತ್ತಿದ್ದರು, ಅದು ಘೋರ ವಿಷ, ಹಾಗಾಗಿ ಹಳೇ ಶೀಟುಗಳನ್ನು ಗ್ಲೌಸ್ ಇಲ್ಲದೆ ಮುಟ್ಟಲು ಬಿಡುವುದಿಲ್ಲ. ಈಗ ಡೀಪ್ ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೆ ಹುಳ ಸಾಯುತ್ತವೆ. ಆಮೇಲೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಶೀಟಿಗೆ ಅಂಟಿಸಿ, ದಪ್ಪ ಕಾಂಡಕ್ಕೆ ದಾರದ ಹೊಲಿಗೆ, ಬಲಗಡೆ ಕೆಳಗೆ ಲೇಬಲ್.

ಸಂಶೋಧನೆ ಮಾಡುವವರನ್ನು ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೂ ಕಳಿಸುತ್ತೇನೆ. ಬ್ರಿಟಿಷರ ಕಾಲದಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಅಧಿಕಾರಿಗಳು ನಮ್ಮ ಉತ್ತರ ಕನ್ನಡದ ಕಾಡಿನಲ್ಲಿ ಆರಿಸಿದ ಗಿಡಗಳು ಅಲ್ಲಿವೆ. ಆಗ ಆ ಜಿಲ್ಲೆ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತಲ್ಲ. ಅಷ್ಟು ಹಳೇ ಲೇಬಲ್ಲಿನಲ್ಲಿ ಊರಿನ ಹೆಸರು ಕಂಡರೆ ನಮ್ಮ ಕಡೆಯವರಿಗೆ ಖುಷಿಯೋ ಖುಷಿ. ಆದರೆ ಕೆಲಸ ಶುರುವಾಗುವುದು ಅದಾದ ಮೇಲೆ, ಅದೇ ಜಾಗಕ್ಕೆ ಹೋಗಿ ಗಿಡ ಈಗಲೂ ಇದೆಯಾ ಅಂತ ಹುಡುಕಬೇಕು.

ಇತ್ತೀಚೆಗೆ ಡಿಎನ್‌ಎಗೆ ಒಂದು ಚೂರು ಎಲೆ ಕೊಡಿ ಅಂತ ಬರುವವರು ಜಾಸ್ತಿ. ಶೀಟಿನಿಂದ ಕೀಳಲು ನಾನು ಸುಲಭಕ್ಕೆ ಒಪ್ಪಲ್ಲ. ಉದುರಿದ ಎಲೆ, ಬೀಜ ಹಾಕಿಡುವ ಪುಟ್ಟ ಲಕೋಟೆ ಶೀಟಿಗೇ ಅಂಟಿಸಿರುತ್ತೇವೆ, ಮೊದಲು ಅದರಲ್ಲಿ ನೋಡಿ ಅನ್ನುತ್ತೇನೆ.