ಏಳರಲ್ಲಿ ನಾಲ್ಕು ಮತ: ಟೆಕ್ಸಸ್‌ನಲ್ಲಿ ಶಾಲಾ ಸೂಪರಿಂಟೆಂಡೆಂಟ್ ಆಗುವುದು ಹೇಗೆ?

ನಮ್ಮಲ್ಲಿ ಬಿಇಒ, ಡಿಡಿಪಿಐ ಆಗಬೇಕೆಂದರೆ ಒಂದೋ ಕೆಇಎಸ್ ಪರೀಕ್ಷೆ, ಇಲ್ಲವೇ ಬಡ್ತಿ. ಆಮೇಲೆ ಸರ್ಕಾರ ವರ್ಗ ಮಾಡಿದ ಕಡೆ ಗಂಟುಮೂಟೆ ಕಟ್ಟುವುದು. ಅಮೆರಿಕದ ಟೆಕ್ಸಸ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಊರೂರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಾವಿರಕ್ಕೂ ಹೆಚ್ಚು ಶಾಲಾ ಡಿಸ್ಟ್ರಿಕ್ಟ್‌ಗಳಿವೆ, ಬಹುಪಾಲು ಹೆಸರುಗಳ ಕೊನೆಗೆ ‘ಐಎಸ್‌ಡಿ’ (ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್) ಅಂತ ಇರುತ್ತದೆ. ಒಂದೊಂದಕ್ಕೂ ತನ್ನದೇ ತೆರಿಗೆ, ತನ್ನದೇ ಬಸ್ಸು, ತನ್ನದೇ ಚುನಾಯಿತ ಮಂಡಳಿ. ಇಡೀ ಆಡಳಿತದ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ಕರೆತರುವುದೂ ಕಳಿಸುವುದೂ ಆ ಮಂಡಳಿಯೇ. ಜ್ಯೇಷ್ಠತಾ ಪಟ್ಟಿ ಎಂಬುದಿಲ್ಲ, ಮೇಲಿನ ಮೆಟ್ಟಿಲಿಗೆ ಪ್ರತಿ ಸಲವೂ ಹೊಸ ಅರ್ಜಿ ಹಾಕಬೇಕು. ಡಲ್ಲಾಸ್ ಸುತ್ತಮುತ್ತ ಫ್ರಿಸ್ಕೊ, ಪ್ಲೇನೊಗಳಲ್ಲಿ ನೆಲೆಸಿ ಶಿಕ್ಷಕ ವೃತ್ತಿ ಹಿಡಿದ ಕನ್ನಡಿಗರು ಈ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದರೆ ದಾರಿ ಹೀಗಿದೆ.

ಮೊದಲು ತರಗತಿ, ಆಮೇಲೆ ಶಾಲೆ

ಪ್ರಿನ್ಸಿಪಾಲ್ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ ಮತ್ತು 2 ವರ್ಷದ ಬೋಧನಾ ಅನುಭವ ಬೇಕು. ಕಾಗದದ ಮೇಲೆ 2 ವರ್ಷ ಸಾಕು, ಸಂದರ್ಶನದಲ್ಲಿ ಸಾಲದು. ಐದಾರು ವರ್ಷ ಪಾಠ ಮಾಡಿದವರ ಮಾತಿಗೆ ಶಿಕ್ಷಕರು ಕಿವಿಗೊಡುವ ರೀತಿಯೇ ಬೇರೆ. ಪರೀಕ್ಷೆ ಎರಡು. 268 ಸಂಖ್ಯೆಯದು ಲಿಖಿತ. 368 ಸಂಖ್ಯೆಯದರಲ್ಲಿ ನೀವು ಶಾಲೆಯಲ್ಲಿ ನಿಜವಾಗಿ ಮಾಡಿದ ಮೂರು ಕೆಲಸಗಳನ್ನು ಪುರಾವೆ ಸಮೇತ ಒಪ್ಪಿಸಬೇಕು, ಒಂದಕ್ಕೆ ವಿಡಿಯೊ ಕೂಡ ಬೇಕು. ಕೆಲವರು ಎಡವುವುದು ಈ ಎರಡನೆಯದರಲ್ಲಿ: ಚಿತ್ರೀಕರಣಕ್ಕೆ ಅನುಮತಿ ಕೇಳುವುದನ್ನು ಕೊನೆಯ ತಿಂಗಳಿಗೆ ಬಿಟ್ಟಿರುತ್ತಾರೆ. ಶಾಲೆ ಶುರುವಾಗುವ ಆಗಸ್ಟ್‌ನಲ್ಲೇ ನಿಮ್ಮ ಪ್ರಿನ್ಸಿಪಾಲರೊಂದಿಗೆ ಮಾತಾಡಿಟ್ಟುಕೊಳ್ಳಿ.

ಅಸಿಸ್ಟೆಂಟ್ ಪ್ರಿನ್ಸಿಪಾಲ್ ಆದಾಗ ಶಿಸ್ತಿನ ಕೆಲಸಕ್ಕೇ ಅಂಟಿಕೊಳ್ಳಬೇಡಿ. ವಿಶೇಷ ಅಗತ್ಯದ ಮಕ್ಕಳ ಕಲಿಕಾ ಯೋಜನೆ ತೀರ್ಮಾನಿಸುವ ಎಆರ್‌ಡಿ ಸಭೆಗಳು, ರಾಜ್ಯ ಪರೀಕ್ಷೆಯ ಉಸ್ತುವಾರಿ, ಬಸ್ ಮಾರ್ಗ, ಇವನ್ನೆಲ್ಲ ಕೇಳಿ ಪಡೆಯಿರಿ. ಆಮೇಲೆ ಪ್ರಿನ್ಸಿಪಾಲ್ ಹುದ್ದೆ. ಹೈಸ್ಕೂಲಾದರೆ ಒಳ್ಳೆಯದು. ದೊಡ್ಡ ಬಜೆಟ್, ಊರಿನ ರಾಜಕೀಯ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಎಲ್ಲವೂ ಅಲ್ಲೇ ಒಟ್ಟಿಗೆ ಎದುರಾಗುತ್ತವೆ.

ಪ್ರಮಾಣಪತ್ರ

ಸೂಪರಿಂಟೆಂಡೆಂಟ್ ಪ್ರಮಾಣಪತ್ರಕ್ಕೆ ಮಾನ್ಯತೆ ಪಡೆದ ತರಬೇತಿ ಕಾರ್ಯಕ್ರಮ, ಕನಿಷ್ಠ 160 ಗಂಟೆಯ ಪ್ರಾಕ್ಟಿಕಮ್ (ಕೆಲಸದ ಜಾಗದಲ್ಲೇ ತರಬೇತಿ), ಕೊನೆಗೆ 195 ಸಂಖ್ಯೆಯ ಪರೀಕ್ಷೆ. ಪ್ರಿನ್ಸಿಪಾಲ್ ಪ್ರಮಾಣಪತ್ರ ಇಲ್ಲದವರಿಗೂ ಒಂದು ಕಿರುದಾರಿಯಿದೆ: ಸಾರ್ವಜನಿಕ ಶಾಲಾ ಡಿಸ್ಟ್ರಿಕ್ಟ್‌ನಲ್ಲಿ 3 ವರ್ಷದ ಆಡಳಿತಾನುಭವ. ಹಣಕಾಸು ವಿಭಾಗದಿಂದ ಬರುವವರಿಗೆ ಇದು ಅನುಕೂಲ. ಪಿಎಚ್‌.ಡಿ. ಕಡ್ಡಾಯವಲ್ಲ.

ಆ 160 ಗಂಟೆಯನ್ನು ಹಾಳುಮಾಡಿಕೊಳ್ಳುವುದು ಬಲು ಸುಲಭ. ಪಠ್ಯಕ್ರಮ ವಿಭಾಗದವರು ಪಠ್ಯಕ್ರಮದಲ್ಲೇ ಕಳೆದು ಸಹಿ ಹಾಕಿಸಿಕೊಂಡು ಬರುತ್ತಾರೆ. ಅರ್ಧದಷ್ಟನ್ನಾದರೂ ಹಣಕಾಸು ಅಧಿಕಾರಿಯ ಕೋಣೆಯಲ್ಲಿ ಕಳೆಯಿರಿ. ಹೊಸ ಸೂಪರಿಂಟೆಂಡೆಂಟರು ಮುಗ್ಗರಿಸುವುದು ಪಾಠದ ವಿಷಯದಲ್ಲಲ್ಲ, ದುಡ್ಡಿನಲ್ಲಿ.

ದುಡ್ಡಿನ ಗಣಿತ

ಆಸ್ತಿ ತೆರಿಗೆ ಎರಡು ಚೀಲಗಳಿಗೆ ಹೋಗುತ್ತದೆ. ‘ಎಂ ಅಂಡ್ ಓ’ ಚೀಲದಿಂದ ಸಂಬಳ, ಕರೆಂಟು, ಡೀಸೆಲ್. ‘ಐ ಅಂಡ್ ಎಸ್’ ಚೀಲದಿಂದ ಕಟ್ಟಡಕ್ಕೆ ಎತ್ತಿದ ಬಾಂಡ್ ಸಾಲದ ಮರುಪಾವತಿ ಮಾತ್ರ. ‘ಹೊಸ ಸ್ಟೇಡಿಯಂಗೆ ದುಡ್ಡಿದೆ, ಮೇಷ್ಟ್ರ ಸಂಬಳಕ್ಕೆ ಇಲ್ಲವೇ?’ ಎಂದು ಊರಿನವರು ಕೇಳಿಯೇ ಕೇಳುತ್ತಾರೆ. ಒಂದು ಚೀಲದ ದುಡ್ಡನ್ನು ಇನ್ನೊಂದಕ್ಕೆ ಸುರಿಯುವಂತಿಲ್ಲ ಎಂದು ಎರಡು ವಾಕ್ಯದಲ್ಲಿ ತಿಳಿಹೇಳಲು ಬರಬೇಕು. ಆಸ್ತಿ ಮೌಲ್ಯ ಹೆಚ್ಚಿರುವ ಡಿಸ್ಟ್ರಿಕ್ಟ್ ತನ್ನ ತೆರಿಗೆಯ ಒಂದು ಪಾಲನ್ನು ರಾಜ್ಯಕ್ಕೆ ಬಿಟ್ಟುಕೊಡಬೇಕು. ಜನ ಇದನ್ನು ‘ರಾಬಿನ್ ಹುಡ್’ ಎನ್ನುತ್ತಾರೆ.

ರಾಜ್ಯದ ಅನುದಾನ ದಾಖಲಾತಿಯ ಮೇಲಲ್ಲ, ಸರಾಸರಿ ಹಾಜರಾತಿಯ ಮೇಲೆ. ಅದರ ಬುನಾದಿಯಾದ ತಲಾ ಮೊತ್ತ 2019ರಿಂದ 2025ರವರೆಗೆ 6,160 ಡಾಲರ್‌ನಲ್ಲೇ ನಿಂತಿತ್ತು, 2025ರ ಕಾನೂನು ಏರಿಸಿದ್ದು 55 ಡಾಲರ್. 1,000 ಮಕ್ಕಳಿರುವಲ್ಲಿ ಹಾಜರಾತಿ ಶೇ 96ರಿಂದ 92ಕ್ಕೆ ಇಳಿದರೆ 40 ಮಕ್ಕಳ ಮೂಲ ಅನುದಾನ, ಸುಮಾರು ಎರಡೂವರೆ ಲಕ್ಷ ಡಾಲರ್, ಕೈಬಿಟ್ಟಂತೆ. ಅಷ್ಟಾದರೂ ಬಸ್ಸು ಅಷ್ಟೇ ಓಡಬೇಕು, ಮೇಷ್ಟ್ರು ಅಷ್ಟೇ ಜನ ಬೇಕು. ಒಮ್ಮೆ ಮಾತ್ರ ಬರುವ ಹಣದಲ್ಲಿ ಕಾಯಂ ಹುದ್ದೆ ಸೃಷ್ಟಿಸುವುದು ಇನ್ನೊಂದು ತಪ್ಪು. ಕೋವಿಡ್ ಕಾಲದ ಕೇಂದ್ರ ನೆರವಿನ ಕೊನೆಯ ಕಂತನ್ನು ಕೆಲಸಗಳಿಗೆ ನಿಗದಿಮಾಡಲು ಇದ್ದ ಗಡುವು 2024ರ ಸೆಪ್ಟೆಂಬರ್ 30. ಅದರಿಂದ ನೇಮಕ ಮಾಡಿಕೊಂಡವರಿಗೆ ಮುಂದಿನ ಸಂಬಳ ಎಲ್ಲಿಂದ ಎಂಬುದು ಬಗೆಹರಿಯದ ಲೆಕ್ಕವಾಯಿತು.

ಮೊದಲ ಕುರ್ಚಿ ಎಲ್ಲಿ?

ದಾರಿ ಎರಡು. ದೊಡ್ಡ ಡಿಸ್ಟ್ರಿಕ್ಟ್‌ನ ಕೇಂದ್ರ ಕಚೇರಿಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಕಾಯುವುದು ಒಂದು. ಪ್ರಿನ್ಸಿಪಾಲ್ ಹುದ್ದೆಯಿಂದ ನೇರವಾಗಿ ಸಣ್ಣ ಊರಿಗೆ ಹೋಗುವುದು ಇನ್ನೊಂದು. ಅಲ್ಲಿ ಕೇಂದ್ರ ಕಚೇರಿ ಎಂದರೆ ನೀವು ಮತ್ತು ಇನ್ನಿಬ್ಬರು. ಚಾಲಕ ಬರದ ದಿನ ಬಸ್ಸನ್ನೂ ನೀವೇ ಓಡಿಸಬೇಕಾದೀತು. ಆದರೂ ಎರಡನೆಯದೇ ಮೇಲು. ಬಜೆಟ್, ಬಾಂಡ್, ಮಂಡಳಿ ಮೂರೂ ನಿಮ್ಮ ಕೈಯಲ್ಲೇ ಹಾದುಹೋಗುತ್ತವೆ. ಡಲ್ಲಾಸ್‌ನಲ್ಲಿ ಶಿಕ್ಷಕ, ಕೋಚ್ ಆಗಿ ಶುರುಮಾಡಿದ ಮೈಕೆಲ್ ಹಿನೊಹೋಸಾ ಸೂಪರಿಂಟೆಂಡೆಂಟ್ ಆಗಿ ಮೊದಲು ಕುಳಿತದ್ದು ಎಲ್ ಪಾಸೊ ಬಳಿಯ ಪುಟ್ಟ ಫೇಬೆನ್ಸ್‌ನಲ್ಲಿ. ಅಲ್ಲಿಂದ ಹೇಸ್, ಸ್ಪ್ರಿಂಗ್, 2005ರಲ್ಲಿ ಡಲ್ಲಾಸ್, ನಡುವೆ ಜಾರ್ಜಿಯಾದ ಕಾಬ್ ಕೌಂಟಿ, 2015ರಲ್ಲಿ ಮತ್ತೆ ಡಲ್ಲಾಸ್.

ಮೊದಲ ಬಾರಿಗೆ ಕುಳಿತವರಿಗೆ ಕನಿಷ್ಠ ಒಂದು ವರ್ಷ ಅನುಭವಿಯ ಮಾರ್ಗದರ್ಶನ ಮತ್ತು 36 ಗಂಟೆಯ ತರಬೇತಿ ಕಡ್ಡಾಯ.

ಅರ್ಜಿ ಮತ್ತು 21 ದಿನ

ಅರ್ಜಿದಾರರ ಹೆಸರು ಗುಟ್ಟಾಗಿರುತ್ತದೆ. ಮಂಡಳಿ ಕೊನೆಗೆ ಒಬ್ಬರನ್ನು ಆರಿಸಿ ‘ಲೋನ್ ಫೈನಲಿಸ್ಟ್’ ಎಂದು ಘೋಷಿಸುತ್ತದೆ. (ಸಾಲಕ್ಕೂ ಇದಕ್ಕೂ ಸಂಬಂಧವಿಲ್ಲ, ಏಕೈಕ ಎಂದರ್ಥ.) ಘೋಷಿಸಿ 21 ದಿನವಾಗದೆ ನೇಮಿಸುವಂತಿಲ್ಲ. ಅಪಾಯವಿರುವುದು ಈ 21 ದಿನದಲ್ಲೇ: ಹಳೆಯ ಊರಿಗೆ ನೀವು ಹೊರಟದ್ದು ಗೊತ್ತಾಗಿದೆ, ಹೊಸ ಊರಿನ ಸಹಿ ಇನ್ನೂ ಬಿದ್ದಿಲ್ಲ. ಹಳೆಯ ಮೊಕದ್ದಮೆ, ಮುರಿದ ಒಪ್ಪಂದ ಏನಿದ್ದರೂ ಸಂದರ್ಶನದಲ್ಲೇ ಹೇಳಿಬಿಡಿ. ಪತ್ರಕರ್ತರು ಹೇಗೂ ಕೆದಕುತ್ತಾರೆ. ನಿಮ್ಮ ಈಗಿನ ಮಂಡಳಿಯ ಅಧ್ಯಕ್ಷರಿಗೆ ಸುದ್ದಿ ಪತ್ರಿಕೆಯಿಂದಲ್ಲ, ಘೋಷಣೆಯ ಹಿಂದಿನ ರಾತ್ರಿ ನಿಮ್ಮ ಬಾಯಿಂದಲೇ ತಿಳಿಯಲಿ.

ಒಪ್ಪಂದ

ಅವಧಿ 5 ವರ್ಷ ಮೀರುವಂತಿಲ್ಲ. ವಾರ್ಷಿಕ ಮೌಲ್ಯಮಾಪನ ಚೆನ್ನಾಗಿ ಮುಗಿದರೆ ಒಂದು ವರ್ಷ ಸೇರಿಸುವ ರೂಢಿಯಿದೆ. ನವೀಕರಿಸದಿದ್ದರೆ ಅವಧಿ ಮುಗಿಯುವ 30 ದಿನ ಮೊದಲಾದರೂ ಮಂಡಳಿ ನೋಟಿಸ್ ಕೊಡಬೇಕು. ಅವಧಿಯ ನಡುವೆ ಬೀಳ್ಕೊಡುವಾಗ ಕೊಡುವ ಪರಿಹಾರ ಒಂದು ವರ್ಷದ ಸಂಬಳ ಸವಲತ್ತು ಮೀರಿದರೆ, ಹೆಚ್ಚುವರಿ ಮೊತ್ತವನ್ನು ರಾಜ್ಯ ಆ ಡಿಸ್ಟ್ರಿಕ್ಟ್‌ನ ಅನುದಾನದಲ್ಲಿ ಮುರಿದುಕೊಳ್ಳುತ್ತದೆ. ಆದ್ದರಿಂದ ಅದಕ್ಕಿಂತ ಹೆಚ್ಚು ಕೇಳಿ ಹಟ ಹಿಡಿದು ಪ್ರಯೋಜನವಿಲ್ಲ.

ಮಂಡಳಿಯಲ್ಲಿ ಸಾಮಾನ್ಯವಾಗಿ 7 ಜನ. ನಿಮ್ಮನ್ನೂ ಸೇರಿಸಿ ‘ಟೀಮ್ ಆಫ್ ಎಯ್ಟ್’ ಎನ್ನುತ್ತಾರೆ, ಆದರೆ ಮತ ಏಳಕ್ಕೇ. ನಾಲ್ಕೇ ಮತದಿಂದ ಆಯ್ಕೆಯಾದವರಿಗೆ ಮುಂದಿನ ಮೇ ಅಥವಾ ನವೆಂಬರ್ ಚುನಾವಣೆಯಲ್ಲಿ ಒಬ್ಬರು ಸೋತರೂ ಬಹುಮತ ಹೋಯಿತು. ಸಹಿ ಹಾಕುವ ಮುನ್ನ ಯಾರ ಸ್ಥಾನ ಯಾವ ವರ್ಷ ಚುನಾವಣೆಗೆ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ವರಲ್ಲಿ ಇಬ್ಬರ ಅವಧಿ ವರ್ಷದೊಳಗೆ ಮುಗಿಯುವುದಾದರೆ ಉಳಿದ ಮೂವರನ್ನೂ ಮೊದಲೇ ಭೇಟಿಮಾಡಿ, ಏಳು ಮತ ಸಿಗುವವರೆಗೆ ಕಾಯಲು ಅಧ್ಯಕ್ಷರನ್ನು ಕೇಳಿ.