ಬ್ಲೂಗ್ರಾಸ್ ಬ್ಯಾಂಡಿನಲ್ಲಿ ನನ್ನ ಪಿಟೀಲು

ನಮ್ಮ ಬ್ಯಾಂಡಿನಲ್ಲಿ ಐದು ಜನ. ನುಡಿಸುವುದು ಬ್ಲೂಗ್ರಾಸ್, ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ. ಚಿಕ್ಕಂದಿನಿಂದ ಬ್ಲೂಗ್ರಾಸ್ ಕೇಳಿಕೊಂಡೇ ಬೆಳೆದವರು ಅಂದರೆ ಗಿಟಾರ್ ಹಿಡಿದು ಹಾಡುವ ತಾತ ಒಬ್ಬರೇ. ಮಿಕ್ಕ ನಾಲ್ವರೂ ಇನ್ನಾವುದೋ ಸಂಗೀತದಲ್ಲಿ ಕೈ ಪಳಗಿಸಿಕೊಂಡು, ವಯಸ್ಸಾದ ಮೇಲೆ ಇಲ್ಲಿಗೆ ಬಂದು ಸೇರಿಕೊಂಡವರು. ನಾನು ನುಡಿಸುವುದು ಫಿಡಲ್, ಅಂದರೆ ನಮ್ಮ ಪಿಟೀಲೇ. ವಾದ್ಯ ಅದೇ, ನುಡಿಸುವ ಹದ ಬೇರೆ. ಏಳನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿತಿದ್ದೆ. ಕೆಲಸಕ್ಕೆಂದು ನಾರ್ತ್ ಕೆರೊಲಿನಾಕ್ಕೆ ಬಂದಮೇಲೆ ಪೆಟ್ಟಿಗೆ ತೆಗೆಯದೆ ನಾಲ್ಕು ವರ್ಷ ಕಳೆದಿತ್ತು. ಸಹೋದ್ಯೋಗಿಯೊಬ್ಬರು ಒಂದು ಸಂಜೆ ಜ್ಯಾಮ್‌ಗೆ ಕರೆದುಕೊಂಡು ಹೋದರು. ಕೆಟ್ಟದ್ದು ಅಲ್ಲಿಂದ ಶುರುವಾಯಿತು.

ಜ್ಯಾಮ್ ಎಂದರೆ ಕುರ್ಚಿ ಹಾಕಿಕೊಂಡು ಸುತ್ತ ಕೂತು, ಒಬ್ಬರಾದ ಮೇಲೊಬ್ಬರು ಹಾಡು ಎತ್ತಿಕೊಳ್ಳುವುದು. ಸ್ವರ ಬರೆದ ಕಾಗದ ಇಲ್ಲ, ತಾಲೀಮು ಇಲ್ಲ. ಮೊದಲ ಹಾಡಿಗೆ ‘ಎ’ ಶ್ರುತಿ ಎಂದರು, ಅಂದರೆ ಪಾಶ್ಚಾತ್ಯರ ‘ಎ’ ಸ್ವರವೇ ಆ ಹಾಡಿಗೆ ಸಾ. ನಾನು ನನಗೆ ಗೊತ್ತಿದ್ದದ್ದನ್ನು ಮಾಡಿದೆ: ಬಿರಡೆ ತಿರುಗಿಸಿ ನಾಲ್ಕು ತಂತಿಯನ್ನೂ ಸ-ಪ-ಸ-ಪ ಕೂಡಿಸಿಕೊಂಡೆ. ಪಕ್ಕದಲ್ಲಿದ್ದ ಹಿರಿಯ ಫಿಡಲ್‌ನವರು ಕಿವಿಗೊಟ್ಟು ಕೇಳಿ, ‘ಓ, ಕ್ರಾಸ್ ಟ್ಯೂನಿಂಗ್! ಯಾರು ಹೇಳಿಕೊಟ್ಟರು?’ ಎಂದರು. ಅಪಲೇಶಿಯನ್ ಗುಡ್ಡಗಾಡಿನ ಹಳೆಯ ಫಿಡಲ್‌ನವರು ಎ-ಇ-ಎ-ಇ ಎಂದು ತಂತಿ ಕೂಡಿಸುವ ರೂಢಿ ಇದೆಯಂತೆ. ಲೆಕ್ಕ ಹಾಕಿ ನೋಡಿ, ಅದು ನಮ್ಮ ಸ-ಪ-ಸ-ಪವೇ. ನನಗೆ ಖುಷಿಯೋ ಖುಷಿ.

ಎರಡನೇ ಹಾಡು ‘ಜಿ’. ಮತ್ತೆ ಬಿರಡೆ ತಿರುಗಿಸಿದೆ. ಎಲ್ಲರೂ ಕಾದರು. ಮೂರನೆಯದು ‘ಬಿ’. ಗಂಡಸರು ಗಂಟಲೇರಿಸಿ ಹಾಡುವುದಕ್ಕೆ ಈ ಸಂಗೀತದಲ್ಲಿ ಇಷ್ಟದ ಶ್ರುತಿ ಅದು. ಮೇಲಿನ ತಂತಿಯನ್ನು ಏರಿಸುತ್ತಿದ್ದಾಗ ಟಪ್ ಎಂದು ಕಿತ್ತು ಕೆನ್ನೆಗೆ ಬಡಿಯಿತು. ಆಗ ಯಾರೂ ಕಾಯಲಿಲ್ಲ.

ಮನೆಗೆ ಬಂದು ತಂತಿಗಳನ್ನು ಪಾಶ್ಚಾತ್ಯ ಪದ್ಧತಿಯ ಜಿ-ಡಿ-ಎ-ಇಗೆ ಕೂಡಿಸಿ ಬಿರಡೆ ಮುಟ್ಟುವುದನ್ನೇ ಬಿಟ್ಟೆ. ಕಷ್ಟವೆಂದರೆ, ಹೀಗೆ ಮಾಡಿದರೆ ಪ್ರತಿ ಶ್ರುತಿಗೂ ಷಡ್ಜ, ಅಂದರೆ ಸಾ, ಬೇರೆ ಕಡೆ ಕೂರುತ್ತದೆ. ‘ಜಿ’ಯಲ್ಲಿ ಖಾಲಿ ತಂತಿಯಲ್ಲೇ ಸಿಗುವ ಸಾ, ‘ಬಿ’ಯಲ್ಲಿ ಯಾವ ಖಾಲಿ ತಂತಿಯಲ್ಲೂ ಇಲ್ಲ. ಎರಡು ತಿಂಗಳು ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ಮತ್ತು ಜಂಟಿ ವರಸೆಗಳನ್ನೇ ಆರು ಶ್ರುತಿಯಲ್ಲಿ ಸಾಧನೆ ಮಾಡಿದೆ. ಕಂಠಪಾಠವಾಗಿ ಇಪ್ಪತ್ತೈದು ವರ್ಷವಾದ ಸರಿಗಮಪದನಿ, ಬೆರಳಿಗೆ ಹೊಸದಾಗಿ ಅ ಆ ಇ ಈ. ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿದವಳಿಗೆ ನಿಂತು ನುಡಿಸುವುದು ಇನ್ನೊಂದು ಗೋಳು. ಅದು ಕತ್ತುನೋವಿನ ಕತೆ, ಬಿಡಿ.

ಜ್ಯಾಮ್‌ನಲ್ಲಿ ಪರಿಚಯವಾದವರೇ ಬ್ಯಾಂಡ್ ಆದೆವು. ಬ್ಯಾಂಜೊ, ಅಂದರೆ ದುಂಡು ಚೌಕಟ್ಟಿಗೆ ಚರ್ಮ ಬಿಗಿದ ತಂತಿವಾದ್ಯ, ನುಡಿಸುವವರು ಹುಡುಗಾಟದ ವಯಸ್ಸಿನಲ್ಲಿ ರಾಕ್ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿದವರು. ಅವರ ಎಡಗೈ ಮೊದಲೇ ತಯಾರಿತ್ತು, ಪಾಠವೆಲ್ಲ ಬಲಗೈಗೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ತಂತಿ ಮೀಟುವ ಮೂರು ಪಿಕ್ ಹಾಕಿಕೊಂಡು ಒಂದೇ ಸಮನೆ ಸ್ವರ ಉರುಳಿಸುವ ಶೈಲಿಯನ್ನು ಊರಿಗೆಲ್ಲ ಕೇಳಿಸಿದವರು ಅರ್ಲ್ ಸ್ಕ್ರಗ್ಸ್. 1924ರಲ್ಲಿ ಇದೇ ರಾಜ್ಯದಲ್ಲಿ ಹುಟ್ಟಿದವರು. ಆ ಉರುಳಿಕೆಗೆ ರೋಲ್ ಎನ್ನುತ್ತಾರೆ. ನಮ್ಮವರಿಗೆ ಎಂಟು ಸ್ವರದ ಒಂದು ರೋಲ್ ಎಷ್ಟು ದಿನವಾದರೂ ಲಯಕ್ಕೆ ಕೂರುತ್ತಿರಲಿಲ್ಲ, ಎಂಟನ್ನು ನಾಲ್ಕು-ನಾಲ್ಕಾಗಿ ಒಡೆಯುತ್ತಿದ್ದರು. ನಾನು ಕೇಳಿ, ಇದು ಮೂರು-ಮೂರು-ಎರಡು ಅಲ್ಲವೇ ಎಂದು ತೊಡೆ ತಟ್ಟಿ ‘ತಕಿಟ ತಕಿಟ ತಕ’ ಹೇಳಿದೆ. ಬಾಯಲ್ಲಿ ಹತ್ತು ಸಲ ಹೇಳಿಸಿ ಆಮೇಲೆ ಬ್ಯಾಂಜೊ ಮುಟ್ಟಿಸಿದೆ. ಕೂತಿತು. ಈಗಲೂ ಹಾಡಿನ ಮಧ್ಯೆ ಲಯ ಜಾರಿದರೆ ತುಟಿಯಲ್ಲಿ ‘ತಕಿಟ’ ಎನ್ನುತ್ತಾ ಸರಿಮಾಡಿಕೊಳ್ಳುತ್ತಾರೆ, ಉಚ್ಚಾರ ಮಾತ್ರ ಕೇಳಬೇಡಿ. ಆ ಉಪಕಾರವನ್ನು ಬ್ಯಾಂಜೊ ನನಗೆ ಬೇರೆ ರೀತಿಯಲ್ಲಿ ತೀರಿಸಿತು. ಅದರ ಐದನೇ ತಂತಿ ಮೋಟು. ಅದನ್ನು ಹೆಬ್ಬೆರಳು ಬಿಡದೆ ಮೀಟುತ್ತಿರುತ್ತದೆ, ಸ್ವರ ಬದಲಾಗುವುದು ಅಪರೂಪ. ಗದ್ದಲದ ನಡುವೆ ತಂಬೂರಿ ಸಿಕ್ಕ ಹಾಗಾಯಿತು ನನಗೆ.

ಮ್ಯಾಂಡೊಲಿನ್ ನುಡಿಸುವವಳು ಶಾಲೆಯ ಆರ್ಕೆಸ್ಟ್ರಾದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ವಯಲಿನ್ ಕಲಿತವಳು. ಎರಡೂ ವಾದ್ಯದ ತಂತಿ ಜಿ-ಡಿ-ಎ-ಇಯೇ ಆದ್ದರಿಂದ ಬೆರಳುಗಳು ಒಂದೇ ವಾರದಲ್ಲಿ ಹೊಂದಿಕೊಂಡವು. ಕಾಗದ ಇಲ್ಲದಿದ್ದರೆ ಮಾತ್ರ ಕೈಕಾಲು ಆಡದು. ಮುಂದೆ ಸ್ವರಲಿಪಿ ಇಟ್ಟರೆ ಎಂಥದ್ದನ್ನೂ ನುಡಿಸುತ್ತಾಳೆ, ‘ನಿನ್ನ ಸರದಿ, ಏನಾದರೂ ನುಡಿಸು’ ಎಂದರೆ ಮುಖ ಬಿಳುಚಿಕೊಳ್ಳುತ್ತಿತ್ತು. ನಾವು ಕಂಡುಕೊಂಡ ದಾರಿ: ಮೊದಲು ಬಾಯಲ್ಲಿ ಹಾಡು, ಹಾಡಿದ್ದನ್ನಷ್ಟೇ ನುಡಿಸು, ಒಂದು ಸ್ವರವೂ ಹೆಚ್ಚಿಗೆ ಬೇಡ. ಆರು ತಿಂಗಳಾದ ಮೇಲೆ ತಾನಾಗಿಯೇ ಎರಡು ಸ್ವರ ಹೆಚ್ಚು ಹಾಕಿದಳು.

ಬ್ಲೂಗ್ರಾಸ್‌ನಲ್ಲಿ ಡ್ರಮ್ಸ್ ಇರುವುದಿಲ್ಲ. ತಗ್ಗುದನಿಯ ದೊಡ್ಡ ತಂತಿವಾದ್ಯ ಬೇಸ್ ಒಂದು-ಮೂರನೇ ಪೆಟ್ಟಿಗೆ ಬಿದ್ದರೆ, ಎರಡು-ನಾಲ್ಕಕ್ಕೆ ಮ್ಯಾಂಡೊಲಿನ್ ಚಕ್ ಎಂದು ಕಡಿಯುತ್ತದೆ. ಅದೇ ತಾಳ. ನಮ್ಮ ಬೇಸ್‌ನವರು ಜಾಝ್‌ನಿಂದ ಬಂದವರು, ಐವರಲ್ಲಿ ಸಂಗೀತಜ್ಞಾನ ಹೆಚ್ಚಿರುವುದು ಅವರಿಗೇ. ಅವರಿಗೆ ನಾವು ಕೊಟ್ಟ ಕೆಲಸ ಸಾ-ಪಾ, ಸಾ-ಪಾ. ‘ಇಷ್ಟು ಕಷ್ಟದ್ದು ನನ್ನ ಜನ್ಮದಲ್ಲಿ ನುಡಿಸಿಲ್ಲ’ ಎನ್ನುತ್ತಾರೆ. ತಮಾಷೆಗೆ ಹೇಳುವ ಮಾತಲ್ಲ. ಎರಡು ಸ್ವರದ ನಡುವೆ ಇನ್ನೆರಡು ತುರುಕಲು ಅವರ ಬೆರಳು ತುಡಿಯುವುದು ಕಣ್ಣಿಗೇ ಕಾಣುತ್ತದೆ.

ಇನ್ನು ತಾತ. ಸಂಗೀತ ಗೊತ್ತಿಲ್ಲ ಎಂದೇ ಅವರು ಹೇಳಿಕೊಳ್ಳುವುದು. ಚರ್ಚಿನಲ್ಲಿ ಹಾಡಿ ಬೆಳೆದವರು ಅಷ್ಟೆ. ಆದರೆ ಆ ಚರ್ಚಿನ ಹಾಡಿಕೆ ಎಂಥದ್ದು ಎಂದು ಅವರು ಒಂದು ದಿನ ತೋರಿಸಿದಾಗ ನಾನು ಬೆರಗಾದೆ. ಅವರ ಹಾಡಿನ ಪುಸ್ತಕದಲ್ಲಿ ಸ್ವರಗಳಿಗೆ ಆಕಾರ: ತ್ರಿಕೋನ ‘ಫಾ’, ದುಂಡಗಿದ್ದರೆ ‘ಸೋಲ್’, ಚೌಕ ‘ಲಾ’, ವಜ್ರದಾಕಾರ ‘ಮಿ’. ಹಾಡನ್ನು ಮೊದಲು ಆ ಸ್ವರಗಳ ಹೆಸರಿನಲ್ಲೇ ಹಾಡುತ್ತಾರೆ, ಸಾಹಿತ್ಯ ಆಮೇಲೆ. ಗೀತೆ ಪಾಠದಲ್ಲಿ ನಮ್ಮ ಮೇಷ್ಟ್ರು ಮಾಡಿಸುತ್ತಿದ್ದದ್ದೂ ಅದೇ ತಾನೆ? ಮೂರು ದನಿ ಒಟ್ಟಿಗೆ ಹಾಡುವುದನ್ನು ನಮಗೆ ಕಲಿಸಿದವರು ಅವರೇ. ಮೂಲ ಹಾಡು ನಡುವೆ, ಟೆನರ್ ಮೇಲೆ, ಬ್ಯಾರಿಟೋನ್ ಕೆಳಗೆ. ‘ನಿನ್ನ ಸ್ವರದ ಹೆಸರು ನನಗೆ ಗೊತ್ತಿಲ್ಲ, ಅದು ಎಲ್ಲಿ ಕೂರಬೇಕು ಅಂತ ಗೊತ್ತು’ ಎಂದು ಕೈಯಲ್ಲಿ ಎತ್ತರ ತೋರಿಸುತ್ತಾರೆ. ಆ ಕೈಗಿಂತ ಒಳ್ಳೆಯ ಸ್ವರಲಿಪಿಯನ್ನು ನಾನು ಕಂಡಿಲ್ಲ.

ಇಷ್ಟು ಬೇರೆ ಬೇರೆ ಕಡೆಯವರು ಸೇರಿ ಏನು ಬ್ಲೂಗ್ರಾಸ್ ಎಂದು ಮೊದಮೊದಲು ನನಗೇ ಅನುಮಾನವಿತ್ತು. ಆಮೇಲೆ ಚರಿತ್ರೆ ಓದಿದೆ. ಈ ಸಂಗೀತಕ್ಕೆ ಹೆಸರು ಬಂದದ್ದು ಕೆಂಟಕಿಯ ಬಿಲ್ ಮನ್ರೊ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದಿಂದ. ಮನ್ರೊ ಹುಡುಗನಾಗಿದ್ದಾಗ ಸೋದರಮಾವನ ಫಿಡಲ್‌ನಿಂದ ಎಷ್ಟು ಕಲಿತರೋ, ಆರ್ನಾಲ್ಡ್ ಷುಲ್ಟ್ಜ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರು ನುಡಿಸುತ್ತಿದ್ದ ಬ್ಲೂಸ್ ಎಂಬ ಕಪ್ಪು ಜನರ ಸಂಗೀತದಿಂದಲೂ ಅಷ್ಟೇ ಹೀರಿಕೊಂಡವರು. 1945ರ ಡಿಸೆಂಬರ್‌ನಲ್ಲಿ ಸ್ಕ್ರಗ್ಸ್ ಸೇರಿದ ಮೇಲೆ ಆ ತಂಡದ ನಾದ ಪೂರ್ತಿಯಾಯಿತು ಎನ್ನುತ್ತಾರೆ. ಆ ಕಾಲದ ತಂಡದಲ್ಲಿ ಫಿಡಲ್ ನುಡಿಸಿದ ಚಬ್ಬಿ ವೈಸ್ ಫ್ಲಾರಿಡಾದವರು, ಕುಣಿತಕ್ಕೆ ಒಗ್ಗುವ ಸ್ವಿಂಗ್ ಸಂಗೀತ ನುಡಿಸಿ ಬಂದವರು. ಬ್ಯಾಂಜೊದ ಮೂಲವಂತೂ ಆಫ್ರಿಕಾದಿಂದ ಬಂದವರ ಕೈಯಲ್ಲಿ. ನನ್ನ ಅನುಮಾನ ಅಲ್ಲಿಗೆ ಕರಗಿತು.

ಕರಗದೆ ಉಳಿದದ್ದು ನನ್ನ ಸ್ವಂತ ಚಟಗಳು. ರಾಗದ ಮಟ್ಟಿಗೆ ತೊಂದರೆಯಿಲ್ಲ, ಬಹಳಷ್ಟು ಮಟ್ಟುಗಳು ಶಂಕರಾಭರಣದ ಅಥವಾ ಮೋಹನದ ಸ್ವರಗಳಲ್ಲೇ ಓಡಾಡುತ್ತವೆ. ಆದರೆ ಮಧ್ಯಮವೋ ನಿಷಾದವೋ ಬಂದ ಕೂಡಲೇ ನನ್ನ ಬೆರಳು ತಾನಾಗಿ ಅಲುಗುತ್ತಿತ್ತು. ಕೆಳಗೆ ಗಿಟಾರ್, ಮ್ಯಾಂಡೊಲಿನ್‌ಗಳು ಸ್ವರವನ್ನು ಮೊಳೆ ಹೊಡೆದ ಹಾಗೆ ಹಿಡಿದಿರುವಾಗ ನನ್ನ ಗಮಕ ಅಪಶ್ರುತಿಯಂತೆ ಕೇಳುತ್ತದೆ. ಸ್ವರವನ್ನು ಅಲುಗಿಸುವ ಕಂಪಿತ ಬಿಟ್ಟು, ಸ್ವರದಿಂದ ಸ್ವರಕ್ಕೆ ಸರಿಯುವ ಜಾರು ಇಟ್ಟುಕೊಂಡೆ. ಗಾಂಧಾರಕ್ಕೆ ಕೆಳಗಿನಿಂದ ನಿಧಾನವಾಗಿ ಜಾರಿ ಏರುವುದು ಅವರಿಗೂ ಪ್ರಿಯ. ಬ್ಲೂಸ್‌ನ ರುಚಿಯೇ ಅಲ್ಲಿದೆ.

ಇನ್ನೊಂದು ಚಟ ಅಷ್ಟು ಸುಲಭಕ್ಕೆ ಬಿಡಲಿಲ್ಲ. ‘ಹಾಡುವವರ ನೆರಳಾಗಿರಬೇಕಮ್ಮ’ ಎಂದು ಪಕ್ಕವಾದ್ಯದ ಪಾಠದಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಡುಗಾರರು ಎತ್ತಿದ್ದನ್ನು ಅರೆಕ್ಷಣ ಹಿಂದೆ ಹಿಂಬಾಲಿಸುವುದು ನನ್ನ ಕಮಾನಿಗೆ ರಕ್ತಗತ. ತಾತ ಹಾಡುವಾಗಲೂ ಹಾಗೇ ಮಾಡಿದೆ. ಎರಡು ಅಭ್ಯಾಸ ಸಹಿಸಿಕೊಂಡು, ಮೂರನೆಯ ಸಲ ಮೆಲ್ಲಗೆ ಕೇಳಿದರು, ‘ನಾನು ಮಾತಾಡುವಾಗ ನೀನೂ ಅದೇ ಮಾತಾಡುತ್ತಿದ್ದರೆ ಜನ ಯಾರನ್ನು ಕೇಳಬೇಕು?’ ಇಲ್ಲಿ ಫಿಡಲ್‌ಗೆ ಜಾಗವಿರುವುದು ಸಾಲು ಮುಗಿದು ಹಾಡುಗಾರ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ. ಅಲ್ಲಿ ನಾಲ್ಕು ಸ್ವರ, ಮತ್ತೆ ಮೌನ. ಪೂರ್ತಿ ನುಡಿಸಲು ಬ್ರೇಕ್ ಎಂಬ ಒಂಟಿ ಸರದಿ ಇದೆ, ಹೆಚ್ಚೆಂದರೆ ಒಂದು ಚರಣದಷ್ಟು. ಒಂದೇ ಮೈಕ್ ಇಟ್ಟು ನುಡಿಸುವಾಗ ಸರದಿ ಬಂದವರು ಮುಂದೆ ಬಂದು, ಮುಗಿದ ಕೂಡಲೇ ಹಿಂದೆ ಸರಿಯಬೇಕು. ಮೊದಲ ಕಾರ್ಯಕ್ರಮದಲ್ಲಿ ನಾನು ಸರಿಯಲಿಲ್ಲ. ಮುಂದೆ ಬರುತ್ತಿದ್ದ ಮ್ಯಾಂಡೊಲಿನ್ನಿಗೆ ನನ್ನ ಕಮಾನು ತಗುಲಿ ಟಂಯ್ ಎಂದದ್ದು ಮೈಕಿನಲ್ಲಿ ಸೊಗಸಾಗಿ ಕೇಳಿಸಿತು.

ಈಗ ನನ್ನ ಹತ್ತಿರ ಎರಡು ಫಿಡಲ್. ಅಗ್ಗದ್ದೊಂದನ್ನು ಸದಾ ಸ-ಪ-ಸ-ಪಕ್ಕೇ ಕೂಡಿಸಿಟ್ಟು ‘ಎ’ ಶ್ರುತಿಯ ಹಳೆಯ ಮಟ್ಟುಗಳಿಗೆ ಮಾತ್ರ ತೆಗೆಯುತ್ತೇನೆ. ಅಭ್ಯಾಸವನ್ನೆಲ್ಲ ತಾತ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾರೆ, ಮುಗಿದ ಮೇಲೆ ಎಲ್ಲರೂ ಕೂತು ಕೇಳುತ್ತೇವೆ. ಹೋದ ವಾರದ್ದರಲ್ಲಿ, ಮೂರನೇ ಚರಣದಲ್ಲಿ ನಾನು ಮತ್ತೆ ನೆರಳಾಗಿದ್ದೆ. ಆ ಜಾಗ ಬಂದಾಗ ತಾತ ನನ್ನ ಕಡೆ ನೋಡಲಿಲ್ಲ. ಫೋನಿನ ಮೇಲೆ ಬೆರಳಿಟ್ಟು ಹಾಡನ್ನು ಸ್ವಲ್ಪ ಹಿಂದಕ್ಕೆಳೆದು, ಇನ್ನೊಮ್ಮೆ ಹಾಕಿದರು.