ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಹಾಡು ಹಾಕಲು ಲೈಸೆನ್ಸ್ ಬೇಕಾ?

ಮೈಸೂರಿಗೆ ಹೊಸದಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಬಾಡಿಗೆ ಮನೆ, ಆಮೇಲೆ ಗ್ಯಾಸ್, ಆಮೇಲೆ ಸ್ಕೂಲು. ಮಗು ಇನ್ನೂ ತೀರಾ ಚಿಕ್ಕದಾಗಿದ್ದರೆ ಪ್ರಶ್ನೆ ಬೇರೆ. "ಇಲ್ಲಿ ಯಾರಾದರೂ ಮನೆಯಲ್ಲೇ ಬೇಬಿ ಸಿಟ್ಟಿಂಗ್ ಮಾಡ್ತಾರಾ?" ಮಾಡ್ತಾರೆ. ಬೋಗಾದಿ, ವಿಜಯನಗರ, ಕುವೆಂಪುನಗರ, ಹೂಟಗಳ್ಳಿ ಕಡೆ ವಿಚಾರಿಸಿದರೆ ಇಂಥ ಮನೆಗಳು ಸಿಗುತ್ತವೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೆಬ್ಬಾಳದ ಕಡೆ ಕೆಲಸಕ್ಕೆ ಹೊರಡುವ ಸಂಸಾರಗಳಿಗೆ ಅವರೇ ಆಸರೆ. ಇನ್ನು ಕೆಲವು ತಾಯಂದಿರು ಇಲ್ಲಿಗೆ ಬಂದ ಮೇಲೆ ತಮ್ಮ ಮಗುವಿನ ಜೊತೆ ಪಕ್ಕದ ಮನೆಯ ಎರಡು ಮಕ್ಕಳನ್ನೂ ನೋಡಿಕೊಳ್ಳಲು ಶುರು ಮಾಡುತ್ತಾರೆ. ಈ ಬರಹ ಮಗುವನ್ನು ಬಿಡುವವರಿಗೂ, ನೋಡಿಕೊಳ್ಳುವವರಿಗೂ.

ಇದನ್ನು ಬರೆಯಲು ಒಂದು ಕಾರಣ ಇದೆ. ನಮ್ಮ ಸದಸ್ಯೆಯೊಬ್ಬರು ಮನೆಯಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಂದು ದಿನ ಅವರಿಗೆ ಫೋನ್ ಬಂತು. "ಡೇ ಕೇರ್‌ನಲ್ಲಿ ಹಾಡು ಹಾಕ್ತೀರಂತೆ, ಲೈಸೆನ್ಸ್ ಇದೆಯಾ? ಇಲ್ಲದಿದ್ದರೆ ಕೇಸ್ ಆಗುತ್ತೆ, ಇವತ್ತೇ ದುಡ್ಡು ಹಾಕಿ" ಅಂತ. ಯಾವ ಸಂಸ್ಥೆ, ಎಷ್ಟು ದುಡ್ಡು, ಯಾವ ಲೆಕ್ಕ, ಒಂದೂ ಸರಿಯಾಗಿ ಹೇಳಲಿಲ್ಲ. ಅವರು ಹೆದರಿ ಎರಡು ವಾರ ಮನೆಯಲ್ಲಿ ಒಂದು ಜೋಗುಳವನ್ನೂ ಹಾಕಲಿಲ್ಲ. ಮಧ್ಯಾಹ್ನ ಹಾಡು ಕೇಳುತ್ತಾ ಮಲಗುತ್ತಿದ್ದ ಮಕ್ಕಳು ನಿದ್ದೆ ಬಾರದೆ ಗೋಳಾಡಿದವು. ಅದನ್ನು ಕೇಳಿ ನನಗೆ ತುಂಬಾ ಸಂಕಟವಾಯಿತು. ಸುಮ್ನೆ ಕೂರಬಾರದು ಅನಿಸಿ ಕಾಯ್ದೆಯನ್ನೇ ತೆಗೆದು ಓದಿದೆ.

ಕಾಯ್ದೆ ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಇದಕ್ಕೆ ಇರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಿಲ್ಲ. ಸಾಹಿತ್ಯ ಬರೆದವರದು ಒಂದು, ಸಂಗೀತ ಮಾಡಿದವರದು ಇನ್ನೊಂದು, ರೆಕಾರ್ಡ್ ಮಾಡಿಸಿದ ಆಡಿಯೋ ಕಂಪನಿಯದು ಮತ್ತೊಂದು. ಆ ಹಾಡನ್ನು ಸಾರ್ವಜನಿಕರಿಗೆ ಕೇಳಿಸಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಮುಖ್ಯವಾದ ಮಾತು ಇಲ್ಲೇ ಇದೆ: ಸಾರ್ವಜನಿಕರಿಗೆ. ನಿಮ್ಮ ಮನೆಯವರು ನಿಮ್ಮ ಹಾಲ್‌ನಲ್ಲಿ ಕೂತು ಕೇಳುವುದಕ್ಕೆ ಯಾರ ಒಪ್ಪಿಗೆಯೂ ಬೇಡ.

ಹಾಗಾದರೆ ಪಕ್ಕದ ಮನೆಯ ಮಗು 'ಸಾರ್ವಜನಿಕ'ವಾ? ಕಾಯ್ದೆಯಲ್ಲಿ ಆ ಪದಕ್ಕೆ ಬೇರೆಯಾಗಿ ಅರ್ಥ ಕೊಟ್ಟಿಲ್ಲ. 'ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು' ಅಂತ ಹೆಸರಿಟ್ಟು ವಿನಾಯಿತಿಯನ್ನೂ ಕೊಟ್ಟಿಲ್ಲ. 1989ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಕೇಬಲ್ ಟಿವಿಯ ಕೇಸೊಂದು ಬಂದಿತ್ತು. ಕೇಳುವವರು, ನೋಡುವವರು ಒಂದು ಮನೆಯ ಬಳಗದಂತೆ ಇದ್ದಾರಾ, ಇಲ್ಲ ದುಡ್ಡು ಕೊಟ್ಟು ಬರುವ ಹೊರಗಿನ ಜನರಾ ಎಂಬುದನ್ನು ಕೋರ್ಟ್ ಅಲ್ಲಿ ತೂಗಿ ನೋಡಿತು. ಕೇಬಲ್‌ನವರು ಸೋತರು. ಆದರೆ ಹೀಗೆ ತೂಗುವ ಕ್ರಮ ನಮಗೆ ದಾರಿ ತೋರಿಸುತ್ತದೆ.

ಆ ತಕ್ಕಡಿಯಲ್ಲಿಟ್ಟು ನೋಡಿದಾಗ ನನಗೆ ಅನಿಸುವುದು ಹೀಗೆ. ನಿಮ್ಮ ಮಗುವಿನ ಜೊತೆ ಇನ್ನು ಮೂರು ಮಕ್ಕಳು ನಿಮ್ಮ ಚಾಪೆಯ ಮೇಲೆ ಆಡುತ್ತಿವೆ, ಮೂಲೆಯಲ್ಲಿ ಫೋನಿನಲ್ಲಿ ಒಂದು ಹಾಡು ಮೆತ್ತಗೆ ಬರುತ್ತಿದೆ. ಅದು ಮನೆಯ ಬದುಕು. ಅದಕ್ಕಾಗಿ ಲೈಸೆನ್ಸ್ ಹುಡುಕಿಕೊಂಡು ಓಡಾಡಬೇಡಿ. ಗೇಟಿಗೆ ಬೋರ್ಡ್ ಹಾಕಿ, ಇಬ್ಬರು ಆಯಾಗಳನ್ನು ಇಟ್ಟು, ಹದಿನೈದು ಮಕ್ಕಳನ್ನು ಸೇರಿಸಿಕೊಂಡು, ದಿನಾ ಸ್ಪೀಕರ್‌ನಲ್ಲಿ ಸಿನಿಮಾ ಹಾಡಿಗೆ ಡ್ಯಾನ್ಸ್ ಕಲಿಸಿದರೆ ಅದು ವ್ಯಾಪಾರದ ಕಡೆ ವಾಲುತ್ತದೆ. ಆಗ ಲೈಸೆನ್ಸ್ ಪಡೆಯುವುದೇ ಸರಿ. ಆ ಹಾಡು ಬರೆದವರೂ ದುಡಿದು ತಿನ್ನುವವರೇ ಅಲ್ವಾ?

52ನೇ ಸೆಕ್ಷನ್‌ನಲ್ಲಿ ಕೆಲವು ವಿನಾಯಿತಿಗಳಿವೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯಲ್ಲಿ ಸಿಬ್ಬಂದಿ, ಮಕ್ಕಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರ ಮುಂದೆ ಮಾತ್ರ ಹಾಡು ಹಾಕಿದರೆ ತಪ್ಪಲ್ಲ. ಮದುವೆಗೆ, ನಿಜವಾದ ಧಾರ್ಮಿಕ ಕಾರ್ಯಕ್ಕೆ, ಸರ್ಕಾರಿ ಸಮಾರಂಭಕ್ಕೂ ವಿನಾಯಿತಿ ಇದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿ ಸರಸ್ವತಿ ಪೂಜೆ ಮಾಡುವಾಗ ದೇವರ ಹಾಡು ಹಾಕಲು ಅಳುಕಬೇಡಿ. ಪೂರ್ವ ಪ್ರಾಥಮಿಕ ಪಾಠ ಹೇಳಿಕೊಡುವ ಪ್ಲೇ ಹೋಮ್ ಶಿಕ್ಷಣ ಸಂಸ್ಥೆಯ ವಿನಾಯಿತಿಗೆ ಹತ್ತಿರ ಬರುತ್ತದೆ. ಬರೀ ಮಗು ನೋಡಿಕೊಳ್ಳುವ ಮನೆ ಅಷ್ಟು ಹತ್ತಿರ ಬರುವುದಿಲ್ಲ. ವಾರ್ಷಿಕೋತ್ಸವ ಅಂತ ಛತ್ರ ಹಿಡಿದು, ಊರಿನವರನ್ನೆಲ್ಲ ಕರೆದು, ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸುವಿರಾದರೆ ಮೊದಲೇ ಲೈಸೆನ್ಸ್ ಮಾಡಿಸಿ.

ಎರಡು ಗೊಂದಲಗಳು

ಇಂಗ್ಲೆಂಡಿನಿಂದ ವಾಪಸ್ ಬಂದ ಕುಟುಂಬಗಳು "ಅಲ್ಲಿ ಅಂಗಡಿಯಲ್ಲಿ ರೇಡಿಯೋ ಹಾಕಲೂ ಲೈಸೆನ್ಸ್ ಬೇಕಿತ್ತು" ಎನ್ನುತ್ತಾರೆ. ನಿಜ. ಅಲ್ಲಿ ಪಿಪಿಎಲ್ ಮತ್ತು ಪಿಆರ್‌ಎಸ್ ಎಂಬ ಎರಡು ಸಂಸ್ಥೆಗಳು ಸೇರಿ 2018ರಿಂದ ಒಂದೇ ಲೈಸೆನ್ಸ್ ಕೊಡುತ್ತಿವೆ. ಅದು ಅಲ್ಲಿಯ ಕಾನೂನು. ನಮ್ಮಲ್ಲೂ ಪಿಪಿಎಲ್ ಎಂಬ ಹೆಸರಿನ ಸಂಸ್ಥೆ ಇದೆ, 1941ರಲ್ಲಿ ಶುರುವಾದದ್ದು. ಹೆಸರು ಒಂದೇ ಆದರೂ ಸಂಸ್ಥೆ ಬೇರೆ, ನಿಯಮವೂ ಬೇರೆ. ಅಲ್ಲಿಯ ವೆಬ್‌ಸೈಟ್ ಓದಿ ಇಲ್ಲಿ ಹೆದರುವುದೂ ಬೇಡ, ಧೈರ್ಯ ತಂದುಕೊಳ್ಳುವುದೂ ಬೇಡ.

ಎರಡನೆಯದು ಆ್ಯಪ್‌ಗಳ ವಿಷಯ. "ನಾನು ತಿಂಗಳಿಗೆ ದುಡ್ಡು ಕಟ್ಟಿ ಹಾಡು ಕೇಳ್ತೀನಲ್ಲ, ಮತ್ತೇನು?" ಎಂದು ತುಂಬಾ ಜನ ಕೇಳುತ್ತಾರೆ. ಸ್ಪಾಟಿಫೈ ಆಗಲಿ, ಯೂಟ್ಯೂಬ್ ಆಗಲಿ, ಅವರ ಷರತ್ತಿನಲ್ಲೇ 'ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ' ಎಂದು ಬರೆದಿದೆ. ನೀವು ಕಟ್ಟುವ ದುಡ್ಡು ನಿಮ್ಮ ಕಿವಿಗೆ. ಡೇ ಕೇರ್‌ಗೆ ಅದು ಲೈಸೆನ್ಸ್ ಆಗುವುದಿಲ್ಲ. ಕಾರ್ಪೊರೇಷನ್ನಿನಿಂದ ಪಡೆಯುವ ಉದ್ದಿಮೆ ಪರವಾನಗಿಯೂ ಅಷ್ಟೇ, ಅದರೊಳಗೆ ಹಾಡಿನ ಒಪ್ಪಿಗೆ ಸೇರಿಲ್ಲ.

ಫೋನ್ ಬಂದರೆ, ಮನೆಗೆ ಬಂದರೆ

ಮೊದಲು ನೀರು ಕುಡಿಯಿರಿ. ಆಮೇಲೆ ಕಾಗದದಲ್ಲಿ ಬರೆದು ಕಳಿಸಿ ಅನ್ನಿ. ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬರಹದಲ್ಲೇ ಇರಬೇಕು. ಬಾಗಿಲಲ್ಲಿ ನಗದು ಪಡೆದು "ಆಯ್ತು ಬಿಡಿ ಮೇಡಂ" ಎಂದು ಹೋದರೆ ಅದು ಲೈಸೆನ್ಸ್ ಅಲ್ಲ. ನೀವು ಯಾರ ಪರ, ಯಾವ ಹಾಡುಗಳ ಹಕ್ಕು ನಿಮ್ಮದು, ಸಾಹಿತ್ಯ ಸಂಗೀತದ್ದಾ, ರೆಕಾರ್ಡಿಂಗಿನದಾ ಎಂದು ಕೇಳಿ. ಸಾಹಿತ್ಯ ಮತ್ತು ಸಂಗೀತಕ್ಕೆ ಐಪಿಆರ್‌ಎಸ್ ಎಂಬ ನೋಂದಾಯಿತ ಸೊಸೈಟಿ, ಅಂದರೆ ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡುವ ಸಂಸ್ಥೆ ಇದೆ, 1969ರಲ್ಲಿ ಶುರುವಾದದ್ದು. ರೆಕಾರ್ಡಿಂಗಿಗೆ ಆರ್‌ಎಂಪಿಎಲ್ ಎಂಬುದು 2021ರಲ್ಲಿ ನೋಂದಣಿಯಾಯಿತು. ನೋಂದಣಿ ಇಲ್ಲದ ಸಂಸ್ಥೆ ಲೈಸೆನ್ಸ್ ಕೊಡಬಹುದಾ ಎಂಬ ಜಗಳ 2025ರಲ್ಲಿ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೊಡ್ಡ ದೊಡ್ಡ ಹೋಟೆಲಿನವರೇ ಕಾಗದ ಕೇಳುತ್ತಾರೆ. ನೀವು ಕೇಳಿದರೆ ಅದು ಒರಟುತನ ಅಲ್ಲ. ನೋಂದಾಯಿತ ಸೊಸೈಟಿ ತನ್ನ ದರಪಟ್ಟಿಯನ್ನು ಪ್ರಕಟಿಸಲೇಬೇಕು. ಆ ಪಟ್ಟಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾವೇ ಹಾಡೋಣ

ಇದು ನನ್ನ ಮನಸ್ಸಿಗೆ ಹತ್ತಿರದ ಭಾಗ. ನಮ್ಮ ಜನಪದ ಜೋಗುಳಗಳಿಗೆ, ದಾಸರ ಪದಗಳಿಗೆ, ವಚನಗಳಿಗೆ ಯಾರ ಲೈಸೆನ್ಸೂ ಬೇಡ. ನೀವು ಬಾಯಿಬಿಟ್ಟು ಹಾಡಿದರೆ ಸಾಕು. ಆದರೆ ಅದೇ ದಾಸರ ಪದವನ್ನು ಈಚೆಗೆ ಯಾರೋ ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗಿಗೆ ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬರೆದವರು ಯಾರೆಂದು ಗೊತ್ತಿರುವ ಶಿಶುಗೀತೆಗಳಿಗೆ ಅವರ ಕಾಲಾನಂತರವೂ 60 ವರ್ಷ.

ನಮ್ಮ ಜಿಲ್ಲೆಗೆ ಇದೇನೂ ಹೊಸದಲ್ಲ. ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ತಿ.ನರಸೀಪುರವನ್ನು. ಅಂಗನವಾಡಿಗೆ ಒಮ್ಮೆ ಹೋಗಿ ನೋಡಿ. ಕಾರ್ಯಕರ್ತೆ ಕೈ ಆಡಿಸುತ್ತಾ ಅಭಿನಯ ಗೀತೆ ಹೇಳುತ್ತಾರೆ, ಮಕ್ಕಳು ಅವರ ಮುಖವನ್ನೇ ನೋಡುತ್ತಾ ಹಿಂದೆ ಹೇಳುತ್ತವೆ. ಅಲ್ಲಿ ಸ್ಪೀಕರ್ ನೆನಪೇ ಆಗುವುದಿಲ್ಲ. ಇನ್ನೊಂದು ಮಾತು. 'ಆಕಾಶವಾಣಿ' ಎಂಬ ಹೆಸರಿನ ರೇಡಿಯೋ 1935ರಲ್ಲಿ ಮೈಸೂರಿನಲ್ಲಿ ಶುರುವಾದದ್ದು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಿಂದ. ಮನೆಯಿಂದಲೇ ಊರಿಗೆ ಹಾಡು ಕೇಳಿಸಿದ ಊರು ಇದು.

ಮಗುವನ್ನು ಬಿಡುವ ಅಪ್ಪ ಅಮ್ಮಂದಿರಿಗೆ ಒಂದು ಉಪಾಯ. ನೀವು ಮನೆಯಲ್ಲಿ ಹಾಡುವ ಜೋಗುಳವನ್ನು ನಿಮ್ಮ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಆಂಟಿಗೆ ಕಳಿಸಿ. ಅಜ್ಜಿ ಊರಿನಲ್ಲಿದ್ದರೆ ಅಜ್ಜಿಯ ಹತ್ತಿರವೇ ಹಾಡಿಸಿ. ತುಳು, ಕೊಡವ, ಉರ್ದು, ಮನೆಮಾತು ಯಾವುದಾದರೂ ಆಗುತ್ತದೆ. ಹೊಸ ಊರು, ಹೊಸ ಮನೆ, ಹೊಸ ಮುಖಗಳ ನಡುವೆ ಪರಿಚಯದ ದನಿ ಕೇಳಿದರೆ ಮಗು ಬೇಗ ಒಗ್ಗಿಕೊಳ್ಳುತ್ತದೆ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಮಗುವನ್ನು ಬಿಡುವ ಮನೆ ನೋಡಲು ಹೋದಾಗ ಹಾಡಿನ ಜೊತೆ ಟಿವಿಯೂ ಓಡುತ್ತಾ ಎಂದು ಕೇಳಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವಾಲ್ಯೂಮ್ ಕೂಡ ಗಮನಿಸಿ. ಮಾತಾಡಲು ನೀವು ದನಿ ಏರಿಸಬೇಕಾಗಿ ಬಂದರೆ ಅದು ಮಗುವಿಗೆ ಜಾಸ್ತಿಯೇ.

ನೋಟಿಸ್ ಅಂತ ಕಾಗದ ಬಂದೇಬಿಟ್ಟರೆ ಅದನ್ನು ಹರಿಯಬೇಡಿ, ಡಬ್ಬಿಯಲ್ಲಿಟ್ಟು ಮರೆಯಲೂ ಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತೆಗೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘಕ್ಕೆ ಹೇಳಿ, ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.